ಗಿಡುಗ ಬೇಟೆ: ಕರೆದರೆ ಬರುವ ಹಕ್ಕಿಯ ಲೆಕ್ಕಾಚಾರ

ಗಿಡುಗ ಬೇಟೆ ಎಂದರೆ ಗಿಡುಗವನ್ನು ಕೊಲ್ಲುವ ಬೇಟೆಯಲ್ಲ, ಗಿಡುಗದಿಂದ ಆಡಿಸುವ ಬೇಟೆ. ಬಂದೂಕಿಲ್ಲ, ಬಾಣವಿಲ್ಲ. ಮನುಷ್ಯನ ಮುಷ್ಟಿಯ ಮೇಲೆ ಕೂತ ಕಾಡುಹಕ್ಕಿಯೊಂದು ಹಾರಿಹೋಗಿ ಮೊಲವನ್ನೋ ಕೌಜುಗವನ್ನೋ ಹಿಡಿಯುತ್ತದೆ, ಅದು ಕೂತ ಜಾಗಕ್ಕೆ ಬೇಟೆಗಾರ ಓಡುತ್ತಾನೆ. ಬೇಟೆ ತಪ್ಪಿಹೋದರೆ ಹಕ್ಕಿ ತಿರುಗಿ ಅವನ ಕೈಗೇ ಬರುತ್ತದೆ. ಈ ‘ತಿರುಗಿ ಬರುತ್ತದೆ’ ಎನ್ನುವ ಮಾತನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಆಗಲಿಲ್ಲ. ಹಾರುವ ಹೊತ್ತಿಗೆ ಅದನ್ನು ಹಿಡಿದಿಡುವ ಹಗ್ಗವಿಲ್ಲ, ಮೇಲೆ ಇಡೀ ಆಕಾಶ ತೆರೆದಿದೆ. ಹಾಗಿದ್ದರೂ ಅದು ಬರುವುದೇಕೆ?

ಉತ್ತರ ಹೇಳುವ ಮೊದಲು ಹೆಸರುಗಳ ವಿಷಯ. ಉರ್ದು ಮಾತಾಡುವ ಮನೆಯವಳಾದ ನನಗೆ ಇಲ್ಲಿ ಸ್ವಲ್ಪ ಅನುಕೂಲ. ಇಂಗ್ಲಿಷ್ ಪುಸ್ತಕಗಳೂ ‘ಶಿಕ್ರಾ’ ಎಂದೇ ಕರೆಯುವ ಹಕ್ಕಿಯ ಹೆಸರು ನಮ್ಮದೇ ‘ಶಿಕಾರ್’ ಪದದ ನೆಂಟ. ‘ಶಾಹೀನ್’ ಎಂಬುದು ನಮ್ಮ ದೇಶದ ಬಂಡೆಬೆಟ್ಟಗಳಲ್ಲಿ ಮೊಟ್ಟೆಯಿಡುವ ಪೆರೆಗ್ರಿನ್ ಫಾಲ್ಕನ್. ‘ಬಾಜ್’ ಅಂದರೆ ಗಾಸ್‌ಹಾಕ್. ಹಳೆಯ ಬೇಟೆಗಾರರ ಉರ್ದುವಿನಲ್ಲಿ ಹೆಣ್ಣಿಗೊಂದು ಹೆಸರು, ಗಂಡಿಗೊಂದು ಹೆಸರು. ಬಾಜ್ ಹೆಣ್ಣು, ಅದರ ಗಂಡು ಜುರ್ರಾ. ಶಿಕ್ರಾ ಹೆಣ್ಣು, ಅದರ ಗಂಡು ಚಿಪಕ್. ಮುಖ್ಯ ಹೆಸರು ಹೆಣ್ಣಿಗೇ ಸಿಕ್ಕಿರುವುದಕ್ಕೆ ಕಾರಣವಿದೆ. ಈ ಕುಲದಲ್ಲಿ ಹೆಣ್ಣೇ ದೊಡ್ಡದು, ಬಲಶಾಲಿ. ಗಂಡು ಸುಮಾರು ಮೂರನೇ ಒಂದು ಭಾಗದಷ್ಟು ಚಿಕ್ಕದು. ದೊಡ್ಡ ಬೇಟೆಗೆ ಬೇಟೆಗಾರರು ಆರಿಸಿಕೊಳ್ಳುತ್ತಿದ್ದದ್ದು ಹೆಣ್ಣನ್ನೇ. (ನಮ್ಮ ತರಗತಿಯ ಹುಡುಗರು ಈ ಸಾಲನ್ನು ಎರಡು ಸಲ ಓದಬಹುದು.) ನಮ್ಮ ದಾದಿ ತುಂಟ ಮಕ್ಕಳಿಗೆ ‘ಬಾಜ್ ಆಜಾ’ ಎಂದು ಗದರುತ್ತಾರಲ್ಲ, ಆ ಬಾಜ್ ಬೇರೆ. ಅದು ಫಾರ್ಸಿಯಲ್ಲಿ ‘ಹಿಂದಕ್ಕೆ’ ಎಂಬರ್ಥದ ಪದ. ಹಾಗಿದ್ದರೂ ಹಿಂದಕ್ಕೆ ಬಾ ಎಂದು ಬೇಟೆಗಾರ ದಿನವೂ ಬೇಡಿಕೊಳ್ಳುವ ಹಕ್ಕಿಗೆ ಅದೇ ಹೆಸರಿರುವುದು ನನಗಂತೂ ಬಹಳ ಹಿಡಿಸಿತು.

ಕನ್ನಡದಲ್ಲಿಯೂ ಹೆಸರುಗಳಿಗೆ ಬರವಿಲ್ಲ: ಗಿಡುಗ, ಡೇಗೆ, ಸಾಳುವ. ಸಾಳುವ ಎಂದರೆ ಬೇಟೆಗೆ ಬಳಸುವ ಗಿಡುಗ. ವಿಜಯನಗರವನ್ನು ಆಳಿದ ಸಾಳುವ ನರಸಿಂಹನ ಮನೆತನದ ಹೆಸರೂ ಇದೇ ಪದ.

ಬೇಟೆಯ ಹಕ್ಕಿಗಳಲ್ಲಿ ಮುಖ್ಯವಾಗಿ ಎರಡು ಪಂಗಡ. ಹಳೆಯ ಉಸ್ತಾದರು ಕಣ್ಣು ನೋಡಿ ವಿಂಗಡಿಸುತ್ತಿದ್ದರು. ಕಪ್ಪು ಕಣ್ಣಿನವು ‘ಸಿಯಾಹ್ ಚಶ್ಮ್’, ಅಂದರೆ ಶಾಹೀನ್, ಬಹ್ರಿ, ಚರ್ಗ್ ಮುಂತಾದ ಫಾಲ್ಕನ್‌ಗಳು. ಇವುಗಳ ರೆಕ್ಕೆ ಉದ್ದ, ತುದಿ ಚೂಪು. ಬಯಲಿನ ಮೇಲೆ ಎತ್ತರಕ್ಕೆ ಏರಿ ಅಲ್ಲಿಂದ ಕಲ್ಲಿನಂತೆ ಬೀಳುತ್ತವೆ. ಹೀಗೆ ಬೀಳುವಾಗ ಪೆರೆಗ್ರಿನ್ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು ವೇಗ ಮುಟ್ಟುತ್ತದೆ. ಇಡೀ ಪ್ರಾಣಿಲೋಕದಲ್ಲಿ ಇದಕ್ಕಿಂತ ವೇಗದ ಜೀವಿ ಇಲ್ಲ. ಹಳದಿ, ಕೆಂಪು ಕಣ್ಣಿನ ಬಾಜ್, ಶಿಕ್ರಾಗಳು ‘ಗುಲಾಬ್ ಚಶ್ಮ್’. ಇವುಗಳ ರೆಕ್ಕೆ ಗಿಡ್ಡ, ಬಾಲ ಉದ್ದ. ಮರಗಳ ನಡುವೆ ಥಟ್ಟನೆ ನುಗ್ಗಿ, ತಿರುಗಿ, ಹಿಡಿಯುವ ಜಾತಿ. ನಮ್ಮ ಕಾಲೇಜಿನ ಹಿಂದಿನ ಬೇವಿನ ಮರದಲ್ಲಿ ಕೂತು ಅಳಿಲುಗಳನ್ನು ಹೆದರಿಸುವ ಪಾರಿವಾಳದ ಗಾತ್ರದ ಹಕ್ಕಿ ಈ ಎರಡನೇ ಪಂಗಡದ್ದು.

ಈಗ ತರಬೇತಿ. ನಾಯಿಗೆ ಮನುಷ್ಯನ ಮೆಚ್ಚುಗೆ ಬೇಕು, ಕುದುರೆ ಗುಂಪಿನಲ್ಲಿ ಬದುಕುವ ಪ್ರಾಣಿ, ಹಾಗಾಗಿ ಇಬ್ಬರೂ ಯಜಮಾನನನ್ನು ಒಪ್ಪಿಕೊಳ್ಳುತ್ತಾರೆ. ಗಿಡುಗ ಒಂಟಿ ಜೀವಿ. ಅದಕ್ಕೆ ಮೆಚ್ಚುಗೆಯೂ ಬೇಡ, ಯಜಮಾನನೂ ಬೇಡ. ಬೈದರೆ ಅರ್ಥವಾಗುವುದಿಲ್ಲ, ಒಂದು ಏಟು ಕೊಟ್ಟರೆ ಆ ಮನುಷ್ಯನನ್ನು ಮತ್ತೆ ನಂಬುವುದಿಲ್ಲ. ಆದ್ದರಿಂದ ಸಾವಿರಾರು ವರ್ಷಗಳಿಂದ ಈ ವಿದ್ಯೆ ಶಿಕ್ಷೆಯೇ ಇಲ್ಲದೆ ನಡೆದುಬಂದಿದೆ. ಇರುವುದು ಎರಡೇ ಸಾಧನ, ತಾಳ್ಮೆ ಮತ್ತು ಮಾಂಸ.

ಹೊಸದಾಗಿ ಬಂದ ಹಕ್ಕಿಯ ಎರಡೂ ಕಾಲಿಗೆ ಮೆತ್ತನೆಯ ತೊಗಲಿನ ಪಟ್ಟಿ ಕಟ್ಟುತ್ತಾರೆ, ಜೊತೆಗೆ ಸಣ್ಣ ಗೆಜ್ಜೆ. ಪೊದೆಯೊಳಗೆ ಬೇಟೆಯ ಮೇಲೆ ಕೂತಾಗ ಹಕ್ಕಿ ಎಲ್ಲಿದೆ ಎಂದು ತಿಳಿಸುವುದು ಆ ಗೆಜ್ಜೆಯೇ. ಈಗ ಅದರ ಜೊತೆಗೆ ಜಿಪಿಎಸ್ ಕೂಡ ಬಂದಿದೆ. ತಲೆಗೆ ತೊಗಲಿನ ಟೋಪಿ. ಅರಬ್ಬರು ಅದನ್ನು ‘ಬುರ್ಕಾ’ ಎನ್ನುತ್ತಾರೆ. ಅದು ಕಣ್ಣು ಮುಚ್ಚುತ್ತದೆ, ಕೊಕ್ಕನ್ನು ಬಿಡುತ್ತದೆ. ಗಿಡುಗದ ಭಯವೆಲ್ಲ ಕಣ್ಣಿನ ಮೂಲಕ ಬರುವುದು. ಕತ್ತಲಾದ ತಕ್ಷಣ ಅದು ಶಾಂತವಾಗುತ್ತದೆ. ಟೋಪಿ ತಿಳಿಯದ ಕಾಲದಲ್ಲಿ ಹಕ್ಕಿಯ ರೆಪ್ಪೆಗಳನ್ನು ದಾರದಿಂದ ಹೊಲಿದು, ದಿನದಿನಕ್ಕೆ ಸಡಿಲಿಸುತ್ತಿದ್ದರು. ಓದುವಾಗ ನನ್ನ ಕಣ್ಣೇ ಉರಿಯಿತು. ಟೋಪಿ ಕಂಡುಹಿಡಿದವನು ಯಾರೋ, ಪುಣ್ಯಾತ್ಮ.

ಆಮೇಲೆ ಶುರುವಾಗುವುದು ಹೊರುವ ಕೆಲಸ. ದಪ್ಪ ಕೈಗವಸು ಹಾಕಿಕೊಂಡು ದಿನಕ್ಕೆ ಹಲವು ಗಂಟೆ ಹಕ್ಕಿಯನ್ನು ಮುಷ್ಟಿಯ ಮೇಲೆ ಕೂರಿಸಿಕೊಂಡು ಓಡಾಡಬೇಕು. ಮನೆಯೊಳಗೆ, ಅಂಗಳದಲ್ಲಿ, ಜನರ ನಡುವೆ, ಮಜಲಿಸಿನಲ್ಲಿ. ಅರಬ್ಬರ ಮಜಲಿಸಿನಲ್ಲಿ ನೆಂಟರ ಪಕ್ಕದಲ್ಲಿ ಹಕ್ಕಿಗಳೂ ಕೂತಿರುವುದು ಶೋಕಿಗೆ ಮಾತ್ರವಲ್ಲ, ಅದು ಹಕ್ಕಿಗೆ ತರಗತಿ. ಮೊದಲ ಮೆಟ್ಟಿಲು ಎಂದರೆ ಕೈಯ ಮೇಲೆ ಕೂತು ಹೆದರದೆ ಒಂದು ತುಂಡು ಮಾಂಸ ತಿನ್ನುವುದು. ಇದಕ್ಕೇ ಕೆಲವೊಮ್ಮೆ ದಿನಗಳು ಹಿಡಿಯುತ್ತವೆ. ಎರಡನೆಯದು, ಅಡ್ಡೆಯಿಂದ ಕೈಗೆ ಒಂದು ಹೆಜ್ಜೆ ಜಿಗಿಯುವುದು. (ನಾವು ದಿನವೂ ಬಳಸುವ ‘ಅಡ್ಡಾ’ ಪದಕ್ಕೆ ಹಕ್ಕಿ ಕೂರುವ ಕೋಲು ಎಂಬ ಅರ್ಥವೂ ಇದೆ.) ಒಂದು ಹೆಜ್ಜೆ ಎರಡಾಗುತ್ತದೆ, ಹತ್ತಾಗುತ್ತದೆ, ಐವತ್ತು ಮೀಟರಾಗುತ್ತದೆ. ಇಷ್ಟು ಹೊತ್ತೂ ಕಾಲಿಗೆ ಉದ್ದನೆಯ ಹಗುರ ದಾರ ಇರುತ್ತದೆ. ಫಾಲ್ಕನ್‌ಗಳಿಗೆ ಗರಿಗಳ ಕಟ್ಟೊಂದನ್ನು ದಾರಕ್ಕೆ ಕಟ್ಟಿ ಗಾಳಿಯಲ್ಲಿ ಬೀಸಿ, ಅದನ್ನೇ ಬೇಟೆಯೆಂದು ಕಲಿಸುತ್ತಾರೆ. ಒಂದು ದಿನ ದಾರ ಬಿಚ್ಚುತ್ತಾರೆ. ಅವತ್ತು ಏನಾಗುತ್ತದೆ ಎಂದು ಯಾವ ಉಸ್ತಾದನೂ ಬರೆದುಕೊಡಲಾರ.

ಬೇಟೆಗಾರನ ಕೈಯಲ್ಲಿ ಉಳಿಯುವುದು ಒಂದು ತಕ್ಕಡಿ. ಇದು ನನ್ನಂಥ ಕಾಮರ್ಸ್‌ನವರಿಗೆ ಸುಲಭವಾಗಿ ಅರ್ಥವಾಗುವ ಭಾಗ. ಹಕ್ಕಿಯನ್ನು ದಿನವೂ ತೂಗಿ ಗ್ರಾಂ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಹೊಟ್ಟೆ ತುಂಬಿದ ಹಕ್ಕಿಗೆ ಮನುಷ್ಯನ ಹಂಗಿಲ್ಲ, ಹೋಗಿ ಮರದ ಮೇಲೆ ಕೂತು ಗರಿ ತಿದ್ದಿಕೊಳ್ಳುತ್ತದೆ. ಬಹಳ ಹಸಿದ ಹಕ್ಕಿಗೆ ಹಾರುವ ಶಕ್ತಿಯಿಲ್ಲ, ಅದು ಸತ್ತೇ ಹೋಗಬಹುದು. ಇವೆರಡರ ನಡುವಿನ ಸಣ್ಣ ಸಂದಿಯಲ್ಲಿ ಆ ಹಕ್ಕಿಯ ‘ಹಾರುವ ತೂಕ’ ಇರುತ್ತದೆ, ಪ್ರತಿ ಹಕ್ಕಿಗೂ ಬೇರೆ, ಚಳಿಗೊಂದು ಸೆಕೆಗೊಂದು. ಶಿಕ್ರಾದಂಥ ಸಣ್ಣ ಹಕ್ಕಿಗೆ ಹತ್ತು ಗ್ರಾಂ ವ್ಯತ್ಯಾಸವೂ ದೊಡ್ಡದು. ಬೇಟೆ ಹಿಡಿದ ಮೇಲೂ ಕಿತ್ತುಕೊಳ್ಳುವ ಹಾಗಿಲ್ಲ. ಅದು ತಿನ್ನಲು ತೊಡಗಿದಾಗ ಪಕ್ಕದಲ್ಲಿ ಮೆಲ್ಲನೆ ಕೂತು, ಕೈಯಲ್ಲಿ ಬೇರೆ ಮಾಂಸ ತೋರಿಸಿ, ಹಕ್ಕಿ ತಾನಾಗಿ ಕೈಗೆ ಹತ್ತಿದ ಮೇಲೆ ಬೇಟೆಯನ್ನು ಚೀಲಕ್ಕೆ ಹಾಕಬೇಕು. ಮೋಸ ಹೋದೆ ಎಂದು ಹಕ್ಕಿಗೆ ಒಮ್ಮೆ ಅನ್ನಿಸಿದರೆ ಮುಂದಿನ ಸಲ ಅದು ಬೇಟೆಯನ್ನು ಹೊತ್ತುಕೊಂಡು ದೂರ ಹೋಗುತ್ತದೆ. ಒಟ್ಟಿನಲ್ಲಿ ಇದು ಪೂರ್ತಿ ನಗದು ವ್ಯಾಪಾರ, ಗಿಡುಗ ಉದ್ರಿ ಕೊಡುವುದಿಲ್ಲ. ಅದು ಬರುವುದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ. ನಿಮ್ಮ ಕೈ ಎಂದರೆ ಖಚಿತವಾದ ಊಟ, ಅಲ್ಲಿ ಅಪಾಯವಿಲ್ಲ ಎಂಬ ಅನುಭವದಿಂದ.

ಈ ಸ್ವಭಾವವನ್ನು ಫಿಕ್ಹ್ ವಿದ್ವಾಂಸರು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರು ಎಂಬುದು ನನಗೆ ಈ ಓದಿನಲ್ಲಿ ಸಿಕ್ಕ ದೊಡ್ಡ ಸಂತೋಷ. ಕುರ್‌ಆನಿನ ಸೂರಾ ಅಲ್‌ಮಾಇದಾದ 4ನೇ ಆಯತ್ ತರಬೇತಿ ಕೊಟ್ಟ ಪ್ರಾಣಿಗಳು ಹಿಡಿದ ಬೇಟೆಯನ್ನು, ಅಲ್ಲಾಹನ ಹೆಸರು ಹೇಳಿ, ತಿನ್ನಲು ಅನುಮತಿಸುತ್ತದೆ. ಹಾಗಾದರೆ ‘ತರಬೇತಿ ಪಡೆದದ್ದು’ ಎಂದು ಯಾವುದನ್ನು ಕರೆಯಬೇಕು? ಹನಫಿ ಗ್ರಂಥ ಹಿದಾಯಾದಲ್ಲಿ ನಾಯಿಗೂ ಗಿಡುಗಕ್ಕೂ ಬೇರೆ ಬೇರೆ ಪರೀಕ್ಷೆ ಇದೆ. ನಾಯಿ ಹಿಡಿದ ಬೇಟೆಯನ್ನು ಮೂರು ಸಲ ತಾನು ತಿನ್ನದೆ ಬಿಟ್ಟರೆ ಅದು ಕಲಿತಿದೆ ಎಂದರ್ಥ. ಗಿಡುಗಕ್ಕೆ ಆ ಷರತ್ತಿಲ್ಲ. ಕರೆದಾಗ ತಿರುಗಿ ಬಂದರೆ ಸಾಕು. ಅದು ಬೇಟೆಯಲ್ಲಿ ಸ್ವಲ್ಪ ತಿಂದಿದ್ದರೂ ಉಳಿದದ್ದು ಹಲಾಲ್. ನಾಯಿ ತಿಂದಿದ್ದರೆ ಅಲ್ಲ. ಕೊಟ್ಟ ಕಾರಣಗಳನ್ನು ನೋಡಿ: ನಾಯಿಯ ಮೈ ಏಟು ತಡೆಯುತ್ತದೆ, ಹಕ್ಕಿಯ ಮೈ ತಡೆಯುವುದಿಲ್ಲ. ಕಲಿಕೆ ಎಂದರೆ ಹುಟ್ಟುಗುಣವನ್ನು ಬಿಡುವುದು. ಮನುಷ್ಯನಿಗೆ ಒಗ್ಗಿದ ನಾಯಿಯ ಗುಣ ಕಸಿದು ತಿನ್ನುವುದು, ಆದ್ದರಿಂದ ತಿನ್ನದಿರುವುದೇ ಅದರ ಪರೀಕ್ಷೆ. ಗಿಡುಗದ ಗುಣ ಮನುಷ್ಯನಿಂದ ದೂರ ಹಾರುವುದು, ಆದ್ದರಿಂದ ತಿರುಗಿ ಬರುವುದೇ ಅದರ ಪರೀಕ್ಷೆ. ಪ್ರಾಣಿಯಿಂದ ಅದು ಕೊಡಬಲ್ಲದ್ದನ್ನು ಮಾತ್ರ ಕೇಳಿದ ಕಾನೂನು ಇದು.

ಇತಿಹಾಸದ ಕಡೆ ಬರೋಣ. ಈ ವಿದ್ಯೆ ಯಾವ ಒಂದು ದೇಶದ ಸ್ವತ್ತೂ ಅಲ್ಲ. ಸಿರಿಯಾದ ಶೈಜರ್ ಕೋಟೆಯಲ್ಲಿ ಬೆಳೆದ ಉಸಾಮಾ ಇಬ್ನ್ ಮುನ್ಕಿಜ್ (1095–1188) ತನ್ನ ಆತ್ಮಕಥೆಯಲ್ಲಿ ತಂದೆಯ ಬೇಟೆಹಕ್ಕಿಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಅವುಗಳಲ್ಲಿ ಅಲ್‌ಯಹ್ಶೂರ್ ಎಂಬುದು ಸುಮಾರು ಹದಿಮೂರು ವರ್ಷ ಅವರ ಬಳಿ ಇದ್ದು ಮನೆಯವರಲ್ಲಿ ಒಬ್ಬನಂತೆ ಆಗಿತ್ತಂತೆ. ಯುರೋಪಿನ ಚಕ್ರವರ್ತಿ ಎರಡನೇ ಫ್ರೆಡರಿಕ್ ಹದಿಮೂರನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಈ ವಿದ್ಯೆಯ ದೊಡ್ಡ ಗ್ರಂಥ ಬರೆದ. ಅರಬ್ಬಿಯ ಬೇಟೆ ಗ್ರಂಥವೊಂದನ್ನು ಲ್ಯಾಟಿನ್‌ಗೆ ಅನುವಾದ ಮಾಡಿಸಿದ, ಟೋಪಿಯ ಬಳಕೆಯನ್ನು ಅರಬ್ಬರಿಂದ ಕಲಿತೆನೆಂದು ತಾನೇ ಬರೆದ. ಹಕ್ಕಿಗಳ ವಿಷಯದಲ್ಲಿ ತಾನು ಕಣ್ಣಾರೆ ಕಂಡದ್ದಕ್ಕೆ ಹೊಂದದಿದ್ದರೆ ಅರಿಸ್ಟಾಟಲನನ್ನೇ ತಿದ್ದಿದ. ಕ್ರುಸೇಡ್ ಯುದ್ಧಗಳ ಕಾಲದಲ್ಲಿ ಗಡಿಯ ಆಚೀಚೆ ಇಂಥ ಜ್ಞಾನವೂ ಓಡಾಡುತ್ತಿತ್ತು ಎಂಬುದು ನಮ್ಮ ಇತಿಹಾಸದ ಪಾಠದಲ್ಲಿ ಬರುವುದಿಲ್ಲ.

ಇವರಿಬ್ಬರ ಕಾಲದ ಆಸುಪಾಸಿನಲ್ಲೇ ನಮ್ಮ ನೆಲದಲ್ಲೂ ಒಬ್ಬ ದೊರೆ ಈ ಬಗ್ಗೆ ಬರೆದಿದ್ದ. ನಮ್ಮ ಕಲಬುರಗಿಯಿಂದ ಬಸವಕಲ್ಯಾಣ ಬಸ್ಸಿನಲ್ಲಿ ಹೋಗಿಬರುವ ದಾರಿ. ಅಲ್ಲಿಂದ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅಡುಗೆ, ಆನೆ, ಸಂಗೀತ, ಕುಸ್ತಿಗಳ ಜೊತೆಗೆ ರಾಜನ ವಿನೋದಗಳಲ್ಲಿ ಒಂದಾಗಿ ‘ಶ್ಯೇನ ವಿನೋದ’ವಿದೆ. ಶ್ಯೇನ ಎಂದರೆ ಗಿಡುಗ. ಹಾಗಾಗಿ ಗಿಡುಗ ಬೇಟೆಯನ್ನು ಮೊಘಲರು ಭಾರತಕ್ಕೆ ತಂದರು ಎಂದು ಯಾರಾದರೂ ಹೇಳಿದರೆ ನೀವು ಬಸವಕಲ್ಯಾಣದ ಹೆಸರು ಹೇಳಬಹುದು. ಕುಮಾವೂನಿನ ರಾಜ ರುದ್ರದೇವನ ‘ಶ್ಯೈನಿಕ ಶಾಸ್ತ್ರ’ ಎಂಬ ಇಡೀ ಗ್ರಂಥವೇ ಈ ವಿಷಯಕ್ಕೆ ಮೀಸಲು.

ಮೊಘಲರು ತಂದದ್ದು ವ್ಯವಸ್ಥೆ ಮತ್ತು ಲೆಕ್ಕಪತ್ರ. ಅಕ್ಬರನ ಆಸ್ಥಾನದಲ್ಲಿ ಬೇಟೆಹಕ್ಕಿಗಳಿಗೆ ಕುಶ್‌ಖಾನಾ ಎಂಬ ಪ್ರತ್ಯೇಕ ವಿಭಾಗವಿತ್ತು. ಅಬುಲ್ ಫಜಲನ ‘ಐನ್‌ಎ ಅಕ್ಬರಿ’ಯಲ್ಲಿ ಯಾವ ಜಾತಿಯ ಹಕ್ಕಿಗೆ ಎಷ್ಟು ಬೆಲೆ, ಯಾವುದಕ್ಕೆ ದಿನಕ್ಕೆ ಎಷ್ಟು ಮಾಂಸ, ನೋಡಿಕೊಳ್ಳುವವರಿಗೆ ಎಷ್ಟು ಸಂಬಳ ಎಂದು ಬರೆದಿದೆ. ನಮ್ಮ ಅಕೌಂಟೆನ್ಸಿ ಲೆಕ್ಕಗಳಿಗಿಂತ ಓದಲು ಚೆನ್ನಾಗಿದೆ. ಜಹಾಂಗೀರನದು ಬೇರೆ ಬಗೆಯ ಪ್ರೀತಿ. ಇರಾನಿನ ಶಾ ಅಬ್ಬಾಸ್ 1619ರಲ್ಲಿ ಅವನಿಗೆ ಚೆಂದದ ಶುಂಕಾರ್ ಒಂದನ್ನು ಕಳಿಸಿದ. ದಾರಿಯಲ್ಲಿ ಕಾವಲಿನವನ ಅಜಾಗರೂಕತೆಯಿಂದ ಬೆಕ್ಕೊಂದು ಅದನ್ನು ಕಚ್ಚಿತು. ಆಸ್ಥಾನ ತಲುಪಿ ಒಂದು ವಾರದಲ್ಲಿ ಹಕ್ಕಿ ಸತ್ತಿತು. ಅದರ ಬಣ್ಣ ಮರೆತುಹೋಗಬಾರದೆಂದು ಜಹಾಂಗೀರ್ ಚಿತ್ರಕಾರ ಉಸ್ತಾದ್ ಮನ್ಸೂರನಿಂದ ಚಿತ್ರ ಬರೆಸಿ ಇರಿಸಿಕೊಂಡ. ಸಾಮ್ರಾಟರಿಬ್ಬರ ನಡುವಿನ ಉಡುಗೊರೆ ಒಂದು ಬೆಕ್ಕಿನಿಂದ ಹಾಳಾಯಿತು!

ಅರಬ್ ಮರುಭೂಮಿಯ ಬದೂವಿಗಳಿಗೆ ಮಾತ್ರ ಇದು ರಾಜವಿನೋದವಲ್ಲ, ಅಡುಗೆಮನೆಯ ವಿಷಯ. ಖರ್ಜೂರ, ಹಾಲು ಬಿಟ್ಟರೆ ಹೆಚ್ಚೇನೂ ಇಲ್ಲದ ಜಾಗದಲ್ಲಿ ಚಳಿಗಾಲದ ಮಾಂಸ ಬರುತ್ತಿದ್ದದ್ದು ಹೀಗೆ. ಶರತ್ಕಾಲದಲ್ಲಿ ವಲಸೆ ಬರುವ ಫಾಲ್ಕನ್‌ಗಳನ್ನು ಹಿಡಿಯುತ್ತಿದ್ದರು. ಎರಡು ಮೂರು ವಾರದಲ್ಲಿ ಪಳಗಿಸಿ, ಚಳಿಗಾಲವೆಲ್ಲ ಹುಬಾರಾ ಹಕ್ಕಿ, ಮೊಲಗಳ ಬೇಟೆ ಆಡುತ್ತಿದ್ದರು. ಹುಬಾರಾ ಎಂದರೆ ನಮ್ಮ ಸಿರುಗುಪ್ಪದ ಕಡೆಯ ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ ಸಂಬಂಧಿ. ವಸಂತ ಬಂದೊಡನೆ ಕಾಲಿನ ಪಟ್ಟಿ ಬಿಚ್ಚಿ ಹಕ್ಕಿಯನ್ನು ಬಿಟ್ಟುಬಿಡುತ್ತಿದ್ದರು. ಮರುಭೂಮಿಯ ಬೇಸಿಗೆಯಲ್ಲಿ ಅದನ್ನು ಸಾಕುವುದು ಕಷ್ಟ, ಅದು ಉತ್ತರಕ್ಕೆ ಹೋಗಿ ಮರಿ ಮಾಡಬೇಕು. ಮುಂದಿನ ವರ್ಷ ಬೇರೆ ಹಕ್ಕಿ, ಮತ್ತೆ ಮೊದಲಿನಿಂದ ತರಬೇತಿ. ವಿದ್ಯೆಯ ಎಲ್ಲ ರೂಪಗಳಲ್ಲಿ ನನಗೆ ಹೆಚ್ಚು ನ್ಯಾಯವೆನಿಸಿದ್ದು ಇದೇ. ಹಕ್ಕಿ ಅವರ ಸ್ವತ್ತಾಗಿರಲಿಲ್ಲ, ಒಂದು ಚಳಿಗಾಲದ ಪಾಲುದಾರನಾಗಿತ್ತು.

ಪೆಟ್ರೋಲಿಯಂ ಹಣ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಏಸಿ ಕೋಣೆ ಬಂತು, ಹಕ್ಕಿ ವರ್ಷವಿಡೀ ಉಳಿಯಿತು. ಅಬುಧಾಬಿಯಲ್ಲಿ 1999ರಿಂದ ಫಾಲ್ಕನ್‌ಗಳಿಗೇ ದೊಡ್ಡ ಆಸ್ಪತ್ರೆಯಿದೆ. ಅಲ್ಲಿ ಮುರಿದ ಗರಿಯ ಜಾಗಕ್ಕೆ ಹಿಂದೆ ಉದುರಿದ ಗರಿಯನ್ನು ಸಣ್ಣ ಕಡ್ಡಿಯಿಂದ ಜೋಡಿಸುತ್ತಾರೆ. ಇದೂ ಶತಮಾನಗಳ ಹಳೆಯ ವಿದ್ಯೆಯೇ. ಎಮಿರೇಟ್ಸ್‌ನಲ್ಲಿ ಹಕ್ಕಿಗೆ ಪಾಸ್‌ಪೋರ್ಟ್ ಕೂಡ ಇದೆ, ಕಳ್ಳಸಾಗಣೆ ತಡೆಯಲು. ಸೌದಿಯಲ್ಲಿ 2021ರ ಹರಾಜೊಂದರಲ್ಲಿ ಒಂದು ಬಿಳಿಯ ಜಿರ್‌ಫಾಲ್ಕನ್ 17.5 ಲಕ್ಷ ರಿಯಾಲಿಗೆ ಹೋಯಿತು. ನಮ್ಮ ರೂಪಾಯಿಯಲ್ಲಿ ಸುಮಾರು ಮೂರೂವರೆ ಕೋಟಿ. ಬೇಡಿಕೆ ಹೆಚ್ಚಿ ಪೂರೈಕೆ ಕಡಿಮೆಯಾದರೆ ಬೆಲೆ ಏರುತ್ತದೆ ಎಂದು ನಾವು ಬರೆಯುತ್ತೇವೆ. ಪೂರೈಕೆ ಎಂಬುದು ಗೂಡಿನಿಂದ ಕದ್ದ ಮರಿ ಆಗಿರುವಾಗ ಏನಾಗುತ್ತದೆ ಎಂದು ಪಠ್ಯದಲ್ಲಿ ಇಲ್ಲ. ಅರಬ್ಬರ ಅಚ್ಚುಮೆಚ್ಚಿನ ಸೇಕರ್ ಫಾಲ್ಕನ್, ಅಂದರೆ ನಮ್ಮ ಚರ್ಗ್, ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅತಿಯಾಗಿ ಹಿಡಿದದ್ದು ಅದರ ಒಂದು ಕಾರಣ.

ಆದರೂ ಬೇಟೆಗಾರರನ್ನು ಬರೀ ಬೈದರೆ ಅನ್ಯಾಯ. ಡಿಡಿಟಿ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, 1960ರ ದಶಕದ ಹೊತ್ತಿಗೆ ಪೆರೆಗ್ರಿನ್ ಅಮೆರಿಕದ ಬಹುಭಾಗದಲ್ಲಿ ನಾಶವಾಗಿತ್ತು. ಅದನ್ನು ಮರಳಿ ತರಲು 1970ರಲ್ಲಿ ಪೆರೆಗ್ರಿನ್ ಫಂಡ್ ಕಟ್ಟಿದ ಟಾಮ್ ಕೇಡ್ ಸ್ವತಃ ಗಿಡುಗ ಸಾಕಿ ಬೇಟೆಯಾಡುತ್ತಿದ್ದವರು. ಈ ಹಕ್ಕಿಯನ್ನು ಪಂಜರದಲ್ಲಿ ಮರಿ ಮಾಡಿಸಿ, ಕಾಡಿನಲ್ಲಿ ಬದುಕಲು ಕಲಿಸಿ ಬಿಡುವ ವಿದ್ಯೆ ಇಂಥವರ ಕೈಯಲ್ಲೇ ಇತ್ತು. 1999ರಲ್ಲಿ ಅಮೆರಿಕ ಪೆರೆಗ್ರಿನ್ ಅನ್ನು ಅಪಾಯದ ಪಟ್ಟಿಯಿಂದ ತೆಗೆಯಿತು. ಕೊಲ್ಲಿಯಲ್ಲಿಯೂ ಶೇಖ್ ಜಾಯೆದ್ 1995ರಲ್ಲಿ ಫಾಲ್ಕನ್‌ಗಳನ್ನು ಮತ್ತೆ ಕಾಡಿಗೆ ಬಿಡುವ ಯೋಜನೆ ಆರಂಭಿಸಿದರು, ಹಳೆಯ ಬದೂವಿಗಳ ವಸಂತದ ಪದ್ಧತಿಯಂತೆಯೇ. 2010ರಲ್ಲಿ ಯುನೆಸ್ಕೋ ಗಿಡುಗ ಬೇಟೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರ ಹೊತ್ತಿಗೆ ಅದರಲ್ಲಿ 24 ದೇಶಗಳ ಹೆಸರಿತ್ತು. ಪಾಕಿಸ್ತಾನ ಇದೆ, ಮಂಗೋಲಿಯಾ ಇದೆ, ಭಾರತ ಇಲ್ಲ.

ಇಲ್ಲದಿರುವುದು ಸರಿಯೇ, ಏಕೆಂದರೆ ನಮ್ಮಲ್ಲಿ ಕಾಡುಹಕ್ಕಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇದನ್ನು ಒತ್ತಿ ಹೇಳಲು ಕಾರಣವಿದೆ. ದುಬೈ ರೀಲ್‌ಗಳನ್ನು ನೋಡಿ ನನ್ನ ಚಾಚಾನ ಮಗ, ಒಂಬತ್ತನೇ ತರಗತಿಯವನು, ‘ಆಪಾ, ಬೇವಿನ ಮರದ ಶಿಕ್ರಾ ಮರಿ ಇಳಿಸಿ ಸಾಕೋಣ’ ಎಂದ. ಅವನಂತೆ ಯೋಚಿಸುವವರು ನಮ್ಮ ಕಾಲೇಜಿನಲ್ಲೂ ಇರಬಹುದು. ರೀಲ್‌ನಲ್ಲಿ ಕಾಣುವುದು ಮೂವತ್ತು ಸೆಕೆಂಡು. ತಕ್ಕಡಿ, ದಿನದ ಮಾಂಸ, ಗಂಟೆಗಟ್ಟಲೆ ಕೈ ಮೇಲೆ ಹೊರುವುದು ಕಾಣುವುದಿಲ್ಲ. ಪೇಟೆಯ ಮನೆಯಲ್ಲಿ ದಾರ ಕಟ್ಟಿದ ಮರಿ ಗರಿ ಮುರಿದುಕೊಂಡು, ಅನ್ನ ರೊಟ್ಟಿ ತಿನ್ನಲಾರದೆ, ಸಾಯುವುದೇ ಹೆಚ್ಚು. ‘ಇಕ್ಬಾಲರ ಶಾಹೀನ್ ಅಂತ ಸ್ಟೇಟಸ್ ಹಾಕುತ್ತೀಯಲ್ಲ, ಆ ಶಾಹೀನ್ ಯಾರ ಮನೆಯ ಜಗಲಿ ಮೇಲೆ ಕೂತಿದೆ?’ ಎಂದು ಕೇಳಿದೆ. ಅವನು ಸುಮ್ಮನಾದ, ಒಪ್ಪಿದನೋ ಗೊತ್ತಿಲ್ಲ.

ನಮ್ಮ ದೇಶದಲ್ಲಿ ಹಕ್ಕಿ ಹಿಡಿಯುವುದನ್ನೇ ಕುಲವೃತ್ತಿ ಮಾಡಿಕೊಂಡಿದ್ದ ಮೀರ್‌ಶಿಕಾರ್ ಎಂಬ ಮುಸ್ಲಿಂ ಸಮುದಾಯ ಬಿಹಾರದಲ್ಲಿದೆ. ಅವರಲ್ಲಿ ಕೆಲವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳ ಜೊತೆ ಸೇರಿ, ಅದೇ ಬಲೆ, ಅದೇ ಕೈಚಳಕದಿಂದ ವಲಸೆ ಹಕ್ಕಿಗಳನ್ನು ನೋವಾಗದಂತೆ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವ ಕೆಲಸ ಮಾಡಿದರು. ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಮಾಹಿತಿ ದೇಶಕ್ಕೆ ಸಿಕ್ಕಿದ್ದರಲ್ಲಿ ಅವರ ಪಾಲಿದೆ.

ಬೇವಿನ ಮರದ ಶಿಕ್ರಾ ನೋಡಬೇಕೆಂದರೆ ಬೆಳಗಿನ ಮೊದಲ ಪೀರಿಯಡ್‌ಗೆ ಮುಂಚೆ ಬನ್ನಿ. ಬೂದು ಬೆನ್ನು, ಎದೆಯ ಮೇಲೆ ಕಂದುಗೆಂಪು ಅಡ್ಡಗೆರೆ. ಅಳಿಲುಗಳು ಒಟ್ಟಿಗೆ ಕಿರುಚಿದರೆ ಅದು ಬಂದಿದೆ ಎಂದರ್ಥ. ಗಾಳಿಪಟದ ಮಾಂಜಾಕ್ಕೆ ಸಿಕ್ಕಿ ಯಾವುದಾದರೂ ಗಿಡುಗ ಕೆಳಗೆ ಬಿದ್ದಿದ್ದರೆ ನೀರು ಕುಡಿಸಲು, ಅನ್ನ ತುರುಕಲು ಹೋಗಬೇಡಿ. ಮೇಲೆ ಒಂದು ದುಪಟ್ಟಾ ಹಾಕಿ. ಕತ್ತಲಾದರೆ ಅದು ಸುಮ್ಮನಾಗುತ್ತದೆ, ಟೋಪಿಯ ಕೆಲಸವನ್ನೇ ಬಟ್ಟೆ ಮಾಡುತ್ತದೆ. ಉಗುರುಗಳಿಂದ ಕೈ ದೂರ ಇರಲಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು, ಸದ್ದಿಲ್ಲದ ಜಾಗದಲ್ಲಿ ಮುಚ್ಚಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.